ಪಾರವ್ವ ಮತ್ತು ತಾನಾಗಿ ಮುಚ್ಚುವ ಬಾಗಿಲು

ಪಾರವ್ವನಿಗೆ ಯಾವುದನ್ನೂ ಇದ್ದ ಹಾಗೆ ಬಿಟ್ಟು ಗೊತ್ತಿಲ್ಲ. ಮುಧೋಳದ ಕಡೆಯ ಹಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲೇ, ಸಿಟಿ ಬಸ್ಸಿನಲ್ಲಿ ಒಂದು ಗಂಟೆ ಹೊಡೆದರೆ ಬಸ್ಸು ನಿಲ್ಲುವುದು, ಎರಡು ಹೊಡೆದರೆ ಹೊರಡುವುದು ಯಾಕೆ, ಅದು ಉಲ್ಟಾ ಯಾಕಿರಬಾರದು ಎಂದು ಗಂಡನನ್ನು ಕೇಳಿದ್ದಳಂತೆ. ಗಂಡ ಹೊಳಬಸಪ್ಪ ಕಾಳಿನ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತ, ಮಾತು ಕಡಿಮೆ. "ನನ್ನೇನ್ ಕೇಳ್ತಿ, ಆ ಕಂಡಕ್ಟರನ್ನ ಕೇಳು" ಎಂದು ಕೈ ತೋರಿಸಿ ಕಿಟಕಿಯಾಚೆ ನೋಡುತ್ತ ಕೂತ. ಆಕೆ ಕೇಳಿಯೇಬಿಟ್ಟಳು, ಅದೂ ಅಪ್ಪಟ ಕನ್ನಡದಲ್ಲಿ. ಕಂಡಕ್ಟರ ಕಣ್ಣು ಕಣ್ಣು ಬಿಟ್ಟ. ಅವತ್ತು ಮನೆಗೆ ಬಂದು ಗಂಡನಿಂದ ಆಕೆ ಕಲಿತ ಮೊದಲ ಮರಾಠಿ ಶಬ್ದ 'ಕಾ'. ಯಾಕೆ ಅಂತ ಅದರರ್ಥ. ಅದೊಂದೇ ಶಬ್ದ ಇಟ್ಟುಕೊಂಡು ಇವಳು ಪುಣೆಯಲ್ಲಿ ಸಂಸಾರ ಶುರು ಮಾಡಿದಳು ಎಂದು ಹೊಳಬಸಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಅವನು ಹೋಗಿ ಬಹಳ ವರ್ಷವಾಯಿತು. ಪಾರವ್ವ ಜೋಳದ ರೊಟ್ಟಿ ಬಡಿದು ಕೋಥರೂಡದ ಮನೆಗಳಿಗೆ ಕೊಟ್ಟು ಮಗ ಮಾಂತುವನ್ನು ಓದಿಸಿದಳು, ಮದುವೆ ಮಾಡಿದಳು. ಸೊಸೆ ಸ್ನೇಹಲ್ ಪುಣೆಯಲ್ಲೇ ಹುಟ್ಟಿ ಬೆಳೆದವಳು, ಅತ್ತೆಯ ರೊಟ್ಟಿ ಬೇಕಾದವರ ಫೋನುಗಳನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಕಷ್ಟ ಸುಖ ಏನೇ ಬಂದರೂ ಪಾರವ್ವನ 'ಯಾಕ' ಮಾತ್ರ ಹೋಗಲಿಲ್ಲ. ಗ್ಯಾಸಿನವನು ಬಂದರೆ ರೆಗ್ಯುಲೇಟರಿನೊಳಗೆ ಏನಿದೆ ತೋರಿಸು ಎಂದು ಬೆನ್ನು ಹತ್ತುವಳು. ಹಲ್ಲಿನ ಡಾಕ್ಟರು ಬಾಯಿ ತೆರೆಸಿದರೆ, ತೆರೆದ ಬಾಯಲ್ಲೇ ಏನೋ ಕೇಳುವಳು. ಕೇಳಿಸಿಕೊಂಡವರಲ್ಲಿ ಸಿಟ್ಟಾದವರು ಕೆಲವರು, ಉತ್ತರ ಗೊತ್ತಿಲ್ಲದೆ ಮನೆಗೆ ಹೋಗಿ ಯೋಚನೆ ಮಾಡಿದವರೂ ಕೆಲವರು.

ಆಕೆಯ ಪ್ರಶ್ನೆಗಳನ್ನು ಒಂದು ದಿನವೂ ಬೇಸರವಿಲ್ಲದೆ ಕೇಳಿದವಳೆಂದರೆ ರಾಜೀವಿ ಒಬ್ಬಳೇ. ಉತ್ತರ ಕೊಡುತ್ತಿದ್ದಳು ಅಂತಲ್ಲ. "ನನಗೆಂತ ಗೊತ್ತುಂಟು ಮಾರಾಯ್ತಿ" ಎನ್ನುತ್ತ ಬಸಳೆ ಎಲೆ ಕೀಳುತ್ತ ಕೂರುತ್ತಿದ್ದಳು, ಅಷ್ಟೇ. ರಾಜೀವಿ ಕಾಪುವಿನ ಕಡೆಯವಳು. ಗಂಡ ನಿಗಡಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು, ಈಗ ಮಗ ಸೊಸೆ ನಡೆಸುತ್ತಾರೆ. ಹಳೆಯ 'ಶ್ರೀಕೃಪಾ' ಕಟ್ಟಡಕ್ಕೆ ಇದ್ದದ್ದೇ ಮೂರು ಮಾಳಿಗೆ. ಪಾರವ್ವ ನಡುವಿನ ಮಾಳಿಗೆಯಲ್ಲಿ, ರಾಜೀವಿ ಅದರ ಮೇಲೆ. ಬಾಗಿಲು ಗೀಗಿಲು ಇಲ್ಲದ ಬಯಲು ಮೆಟ್ಟಿಲು. ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತರೆ, ಒಬ್ಬಳ ಕೊತ್ತಂಬರಿಯ ಕಡ್ಡಿ ಇನ್ನೊಬ್ಬಳ ಸೀರೆಯ ಮೇಲೆ ಬೀಳುತ್ತಿತ್ತು. ಒಬ್ಬಳದು ಬಯಲುಸೀಮೆಯ ಕನ್ನಡ, ಇನ್ನೊಬ್ಬಳದು ಕರಾವಳಿಯದು, ಜಗಳ ಬಂದರೆ ಇಬ್ಬರದೂ ಮರಾಠಿ.

ಆಮೇಲೆ ಹಳೆ ಕಟ್ಟಡ ಕೆಡವಿ ದೊಡ್ಡದು ಕಟ್ಟುವ ಮಾತು ಬಂತು, ಬಿಲ್ಡರ್ ಬಂದ. ಹಳೆ ಕಟ್ಟಡದ ಕೊನೆಯ ಮಳೆಗಾಲದಲ್ಲಿ ರಾಜೀವಿ ಒದ್ದೆ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ನಾಲ್ಕು ಕಾಲಿನ ವಾಕರ್ ಕೈಗೆ ಬಂತು. ಮೂಳೆ ಕೂಡಿದೆ, ಕಟಾಂಜನ ಹಿಡಿದು ನಿಧಾನಕ್ಕೆ ಹತ್ತಿ ಇಳಿಯಬಹುದು ಎಂದು ಡಾಕ್ಟರು ಹೇಳಿದರೂ ಅವಳು ಮೆಟ್ಟಿಲಿಗೆ ಕಾಲಿಡಲೇ ಇಲ್ಲ. "ಮೆಟ್ಟಿಲು ಅಂದ್ರೆ ನಂಗೆ ಯಮನ ಮನೆ. ಇನ್ನು ಈ ಜನ್ಮದಲ್ಲಿ ಹೋಗ್ಲಿಕ್ಕಿಲ್ಲ" ಎಂದು ಆಣೆ ಇಟ್ಟುಕೊಂಡಳು. ಪಾರವ್ವ ಎಷ್ಟು ಯಾಕೆ ಯಾಕೆ ಅಂದರೂ ಆ ಒಂದು ವಿಷಯದಲ್ಲಿ ಅವಳು ಜಗ್ಗಲಿಲ್ಲ.

ಹೊಸ ಕಟ್ಟಡಕ್ಕೆ 'ಶ್ರೀಕೃಪಾ ಹೈಟ್ಸ್' ಎಂದು ಹೆಸರಾಯಿತು. ಮನೆಗಳಿಗೆ ಚೀಟಿ ಎತ್ತಿದರು. ಪಾರವ್ವನಿಗೆ ಏಳನೇ ಮಾಳಿಗೆ, ರಾಜೀವಿಗೆ ಹತ್ತನೇದು. ಒಳ್ಳೆಯ ಮನೆಗಳೇ, ಬೇಡ ಅನ್ನುವ ಹಾಗಿಲ್ಲ. ಆದರೆ ಇಲ್ಲಿ ಮೆಟ್ಟಿಲಿಗೆ ಬಾಗಿಲಿತ್ತು. ಪ್ರತಿ ಮಾಳಿಗೆಯಲ್ಲೂ ಒಂದು ದಪ್ಪನೆಯ, ಭಾರದ ಬಾಗಿಲು. ನೂಕಿದರೆ ತೆರೆಯುತ್ತದೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಮನೆ ಹೊಕ್ಕ ದಿನವೇ ಪಾರವ್ವ ಅದನ್ನು ಹತ್ತು ಸಲ ನೂಕಿ, ಹತ್ತು ಸಲ ಬಿಟ್ಟು, ಅದರ ತಲೆಯ ಮೇಲಿನ ಕಬ್ಬಿಣದ ತೋಳನ್ನು ಕತ್ತು ಎತ್ತಿ ನೋಡಿದಳು.

"ಇದನ್ನ ಯಾರು ಮುಚ್ಚತಾರ ಮಾಂತು? ಯಾಕ ಮುಚ್ಚತಾರ?"

"ಅದು ಫೈರ್ ಡೋರ್ ಅವ್ವಾ. ಹಂಗ ಇರ್ತದ ಅದು" ಎಂದ ಮಾಂತು, ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು. ಹಂಗ ಇರ್ತದ ಎನ್ನುವುದು ಪಾರವ್ವನ ಲೆಕ್ಕದಲ್ಲಿ ಉತ್ತರವೇ ಅಲ್ಲ.

ಇಲ್ಲೊಂದು ಪೇಚು ಬಂತು ನೋಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕಿಕೊಂಡು ಕೂರುವ ಪದ್ಧತಿ ಪಾರವ್ವನ ತವರಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ. ಅದು ಲಕ್ಷ್ಮಿ ಬರುವ ಹೊತ್ತು. ಮನೆ ಬಾಗಿಲೇನೋ ತೆರೆದಿಟ್ಟಳು. ಆದರೆ ಮೆಟ್ಟಿಲ ಬಾಗಿಲು ಮುಚ್ಚಿದ್ದರೆ ಲಕ್ಷ್ಮಿ ಬರುವುದು ಎಲ್ಲಿಂದ? ಲಿಫ್ಟಿನಲ್ಲಿ ಬರುತ್ತಾಳೇನು ಎಂದು ಸ್ನೇಹಲ್ ನಕ್ಕಿದ್ದಕ್ಕೆ, "ಪುಟ್ಟ ಪುಟ್ಟ ಪಾದಾ ಇಟ್ಟು ಬರಾಕಿ ಆಕಿ, ಗುಂಡಿ ಒತ್ತಿ ಬರಾಕಿ ಅಲ್ಲ" ಎಂದು ಅತ್ತೆ ಬಾಯಿ ಮುಚ್ಚಿಸಿದಳು. ಆ ದೀಪಾವಳಿಗೆ ರಂಗೋಲಿಯ ಪಾದಗಳನ್ನು ಮೆಟ್ಟಿಲಿಂದಲೇ ಶುರು ಮಾಡಿ, ಆ ಬಾಗಿಲು ದಾಟಿಸಿ, ಮನೆಯೊಳಗೆ ತಂದಳು. ಬಾಗಿಲಿಗೆ ಅಡ್ಡ ಇಡಲು ಗುಂಡುಕಲ್ಲು ಸಿಕ್ಕಿತು. ಹಳೆ ಮನೆಯಲ್ಲಿ ಇಡ್ಲಿ ಹಿಟ್ಟು ರುಬ್ಬುತ್ತಿದ್ದ ಕಲ್ಲು ಅದು. ಒರಳು ಹಳೆ ಕಟ್ಟಡದ ಜೊತೆಗೇ ಹೋಯಿತು, ಗುಂಡು ಮಾತ್ರ ಕೆಲಸವಿಲ್ಲದೆ ಹೊಸ ಮನೆಗೆ ಬಂದಿತ್ತು. ಅರಿಶಿನ ಕುಂಕುಮ ಹಚ್ಚಿ ಪಾರವ್ವ ಅದನ್ನು ದಿನಾ ಸಂಜೆ ಬಾಗಿಲು ಕಾಯಲು ನೇಮಿಸಿದಳು.

ಖರೆ ಹೇಳಬೇಕೆಂದರೆ ಲಕ್ಷ್ಮಿಯ ಜೊತೆ ಇನ್ನೊಂದು ಕಾರಣವೂ ಇತ್ತು. ಬಾಗಿಲು ತೆರೆದರೆ ಮೆಟ್ಟಿಲ ಗೂಡಿನಲ್ಲಿ ದನಿ ಸರಾಗವಾಗಿ ಮೇಲೇರುತ್ತಿತ್ತು. ಹತ್ತನೇ ಮಾಳಿಗೆಯ ಬಾಗಿಲಿಗೂ ರಾಜೀವಿಯ ಮೊಮ್ಮಗಳು ಯಶ್ಮಿತಾ ಒಂದು ಮಣೆ ಅಡ್ಡ ಕೊಡುತ್ತಿದ್ದಳು. ಅಜ್ಜಿ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂರುವಳು. ಫೋನಿನಲ್ಲಿ ಮಾತಾಡಿದರೆ ಅವಳ ಕಿವಿಯ ಮಷೀನು ಸಿಳ್ಳೆ ಹೊಡೆಯುತ್ತದೆ, ಅದಕ್ಕಿಂತ ಇದೇ ವಾಸಿ.

"ರಾಜೀವಕ್ಕಾ! ಏನ್ ಮಾಡೀದಿ ಇವತ್ತ?"

"ಬಂಗುಡೆ! ನಿನಗೆ ಹೇಳಿ ಎಂತ ಪ್ರಯೋಜನ, ನೀನು ತಿನ್ಲಿಕ್ಕಿಲ್ಲ!"

ನಡುವಿನ ಎಂಟು, ಒಂಬತ್ತರ ಮಂದಿ ಮೊದಮೊದಲು ಮೂಗು ಮುರಿದರು. ಆಮೇಲೆ ಅವರಿಗೂ ಈ ಇಬ್ಬರ ಮಾತು ಸಂಜೆಯ ಸುದ್ದಿಯಂತೆ ರೂಢಿಯಾಯಿತು. ಶುಕ್ರವಾರ ಪಾರವ್ವ ಲೋಬಾನದ ಧೂಪ ಹಾಕಿದಾಗಂತೂ ಮೇಲಿನಿಂದ ತಪ್ಪದೆ ಒಂದು ಮಾತು ಬರುತ್ತಿತ್ತು. "ಪಾರವ್ವಾ, ನಿನ್ನ ಧೂಪ ಬಂತು ನೋಡು! ನನ್ನ ದೇವರಿಗೂ ಆಯ್ತು, ನಾನು ಬೇರೆ ಹಾಕುದು ಬೇಡ!"

ಕಟ್ಟಡದ ಬೆಂಕಿ ವ್ಯವಸ್ಥೆ ಸರಿಯಿದೆ ಎಂದು ಆರು ತಿಂಗಳಿಗೊಮ್ಮೆ ಲೈಸೆನ್ಸು ಇದ್ದವರಿಂದ ಪತ್ರ ತರಬೇಕು. ಮೊದಲ ಸಲ ಬಂದವನು ಕೆಳಗೇ ಚಹಾ ಕುಡಿದು ಹೋಗಿದ್ದ. ಎರಡನೇ ಸಲ ಬಂದವಳು ನೀರಜಾ. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಟಾರ್ಚು, ಮುಖದಲ್ಲಿ ನಗು ಇಲ್ಲ. ಮೇಲಿನಿಂದ ಒಂದೊಂದೇ ಮಾಳಿಗೆ ನೋಡುತ್ತ ಏಳನೆಯದಕ್ಕೆ ಬಂದಾಗ ಸಂಜೆಯಾಗಿತ್ತು. ಕುಂಕುಮ ಹಚ್ಚಿದ ಗುಂಡುಕಲ್ಲನ್ನು ಕಂಡು ನಿಂತಳು.

"ಹಾ ದಗಡ್ ಕೋಣಾಚಾ?" ಎಂದು ಜೋರಾಗಿ ಕೇಳಿದಳು, ಈ ಕಲ್ಲು ಯಾರದು ಎಂದು.

ಪಾರವ್ವ ಹೊರಗೆ ಬಂದಳು. ನಂದು ಎಂದಳು ಮರಾಠಿಯಲ್ಲಿ. ತೆಗೆಯಬೇಕು ಎಂದಳು ನೀರಜಾ. ಯಾಕೆ ಎಂದಳು ಪಾರವ್ವ. ನಿಯಮ ಎಂದಳು ನೀರಜಾ, ಕಲ್ಲನ್ನು ಕಾಲಿಂದ ಸರಿಸಲು ಹೋದಳು. ಪಾರವ್ವನಿಗೆ ರೇಗಿತು. ಸೊಸೆಯ ಕಡೆ ತಿರುಗಿ ಕನ್ನಡದಲ್ಲಿ, "ಕುಂಕುಮಾ ಹಚ್ಚಿದ ಕಲ್ಲಿಗೆ ಬೂಟುಗಾಲು ತಾಗಸ್ತದ ನೋಡು, ಯಾವೂರ ಕೂಸೋ ಏನೋ" ಎಂದಳು.

"ಧಾರವಾಡದ್ದು ರೀ ಅಜ್ಜಿ" ಎಂದಳು ನೀರಜಾ, ಕಾಲು ಹಿಂದಕ್ಕೆಳೆದುಕೊಂಡು. "ತಪ್ಪಾತ್ರಿ. ನೀವ ಕೈಯಾರೆ ತಗೀರಿ. ಆದ್ರ ತಗೀಬೇಕು."

ಸ್ನೇಹಲ್ ಸೆರಗಿನಂಚಿಗೆ ಬಾಯಿ ಒತ್ತಿ ನಗು ತಡೆದಳು. ಪಾರವ್ವ ಮಾತ್ರ ನಾಚಲಿಲ್ಲ, ಅವಳ ಕಿವಿ ನೆಟ್ಟಗಾಯಿತು. ಕನ್ನಡದಲ್ಲಿ ಉತ್ತರ ಕೊಡಬಲ್ಲವಳು ಒಬ್ಬಳು ಸಿಕ್ಕಳಲ್ಲ!

"ಹಂಗಾದ್ರ ಹೇಳವಾ. ಈ ಬಾಗಲಾ ಯಾಕ ತಾನ ಮುಚ್ಚತದ?"

"ಮಂದಿ ಮುಚ್ಚೂದಿಲ್ಲಂತ ರೀ. ಬೆಂಕಿ ಬಿದ್ದಾಗ ಎಲ್ಲಾರೂ ಓಡ್ತಾರ, ಬಾಗಲಾ ಹಾಕ್ಬೇಕಂತ ಯಾರಿಗೂ ನೆನಪಿರೂದಿಲ್ಲ. ಅದಕ್ಕ ಅದು ತಾನ ಮುಚ್ಚತದ. ಹೊಗಿ ಮೆಟ್ಟಲಕ ಬರಬಾರದು. ಮೆಟ್ಟಲದಾಗ ಹೊಗಿ ತುಂಬಿದ್ರ ಇಳಿಯವ್ರಿಗೆ ದಾರಿ ಎಲ್ಲದ?"

"ಮತ್ತ ಲಕ್ಷ್ಮಿ?"

ಮೊದಲ ಸಲ ನೀರಜಾಳ ಮುಖದಲ್ಲಿ ನಗು ಕಂಡಿತು. "ಲಕ್ಷ್ಮಿಗೆ ನಾಕು ಕೈ ಅದಾವಲ್ರಿ ಅಜ್ಜಿ, ಬಾಗಲಾ ನೂಕಿ ಬರ್ತಾಳ. ಹೊಗಿಗೆ ಕೈ ಇಲ್ಲ."

ಪಾರವ್ವ ಬಾಯಿ ಮೇಲೆ ಬೆರಳಿಟ್ಟುಕೊಂಡಳು. ಒಪ್ಪಿದಳು ಅಂತಲ್ಲ. ಹುಡುಗಿಗೆ ಮಾತು ಬರುತ್ತದೆ ಎಂದು ಮೆಚ್ಚಿದಳು, ಅಷ್ಟೇ. ಅಲ್ಲಿಂದ ಶುರುವಾಯಿತು ನೋಡಿ. ನೀರಜಾ ಮುಂದೆ, ಪಾರವ್ವ ಹಿಂದೆ. ಲಿಫ್ಟಿನ ಪಕ್ಕದ ವಿದ್ಯುತ್ ತಂತಿಗಳ ಕಪಾಟು ತೆರೆದರೆ ತಂತಿಗಿಂತ ಮೊದಲು ರಟ್ಟಿನ ಡಬ್ಬಿ, ಹಳೆ ಪೇಪರು, ಕಸಬರಿಗೆಗಳು ದಬದಬನೆ ಹೊರಗೆ ಬಿದ್ದವು. ಅದರಲ್ಲೊಂದು ಕಸಬರಿಗೆ ತನ್ನದೇ ಎಂದು ಪಾರವ್ವ ಬಾಯಿ ಬಿಡಲಿಲ್ಲ. ಬೆಂಕಿ ಬಿದ್ದಾಗ ಲಿಫ್ಟು ಯಾಕೆ ಬೇಡ, ನೀರಿನ ಕೆಂಪು ಕೊಳವೆಗೆ ನೀರು ಎಲ್ಲಿಂದ, ಆ ಹಸಿರು ಬೋರ್ಡಿನ ಮನುಷ್ಯ ಯಾವ ಕಡೆ ಓಡುತ್ತಿದ್ದಾನೆ, ಒಂದೂ ಬಿಡಲಿಲ್ಲ. ನೀರಜಾಳಿಗೂ ಹೀಗೆ ಕೇಳುವವರು ಸಿಕ್ಕಿ ಬಹಳ ದಿನವಾಗಿತ್ತೋ ಏನೋ, ಸಮಾಧಾನದಿಂದ ಹೇಳಿದಳು.

"ಇನ್ನೊಂದ ಉಳೀತು. ಎಂಟನೇ ಮಾಳಗ್ಯಾಗ ಅಷ್ಟು ದೊಡ್ಡ ಜಾಗಾ ಖಾಲಿ ಬಿಟ್ಟಾರಲ್ಲ, ಯಾಕ? ಪುಣೆದಾಗ ಅಂಗೈ ಅಗಲ ಜಾಗಾ ಸಿಗವಲ್ತು, ಆ ಬಿಲ್ಡರ್ ಅದನ್ನ ಮಾರದ ಹೆಂಗ ಬಿಟ್ಟಾ?"

ಆ ಜಾಗದ ಮೇಲೆ ಪಾರವ್ವನಿಗೆ ಕಣ್ಣಿತ್ತು. ಒಂದು ಕಡೆ ಪೂರ್ತಿ ಬಯಲು, ಒಳ್ಳೆಯ ಗಾಳಿ, ಬೇಸಿಗೆಯಲ್ಲಿ ಶಾವಿಗೆ ಒಣಗಿಸಲು ಹೇಳಿ ಮಾಡಿಸಿದಂತಿತ್ತು. ಸದ್ಯಕ್ಕೆ ಯಾರದೋ ಹಳೆ ಸೋಫಾ, ಮಕ್ಕಳ ಸೈಕಲ್ಲು ಬಿದ್ದಿದ್ದವು.

"ಅದನ್ನ ಮಾರಾಕ ಬರೂದಿಲ್ರಿ. ಇಷ್ಟು ಎತ್ತರದ ಕಟ್ಟಡಕ್ಕ ಅಷ್ಟು ಖಾಲಿ ಬಿಡಾಕೇಬೇಕು. ಮ್ಯಾಲಿನವರು, ಪೂರ್ತಿ ಕೆಳಗ ಇಳಿಯಾಕ ಆಗದವರು ಇಲ್ಲಿ ತನಕ ಬಂದು ನಿಂದರಬೇಕು. ಅಗ್ನಿಶಾಮಕದವರು ಇಲ್ಲಿಗೇ ಬಂದು ಕರಕೊಂಡು ಹೋಗ್ತಾರ. ಅದಕ್ಕ ಇಲ್ಲಿ ಒಂದು ಚಾಪಿನೂ ಇಡಬಾರದು. ಇದು ಮಂದಿಗೆ ಇಟ್ಟ ಜಾಗಾ, ಸಾಮಾನಿಗಲ್ಲ."

ಪಾರವ್ವ ಮನಸ್ಸಿನಲ್ಲೇ ಶಾವಿಗೆ ಮಡಚಿಟ್ಟಳು. ಗುಂಡುಕಲ್ಲನ್ನು ಮಾತ್ರ ನೀರಜಾ ಹೋದ ಮೇಲೆ ಮತ್ತೆ ತಂದಿಟ್ಟಳು. ಆ ಹುಡುಗಿಯ ಮಾತು ಇರಲಿ, ಸಂಜೆಗೆ ಮಾತೇ ಇಲ್ಲದಿದ್ದರೆ ಹೇಗೆ?

ಶುಕ್ರವಾರ ಬಂತು. ಇದ್ದಿಲ ಕೆಂಡದ ಮೇಲೆ ಲೋಬಾನ ಉದುರಿಸಿ ಮನೆ ತುಂಬ ತಿರುಗಿ, ಬಾಗಿಲಿಗೂ ಕಲ್ಲಿಗೂ ಹೊಗೆ ತೋರಿಸಿದಳು. ಮೇಲಿನಿಂದ ಎಂದಿನಂತೆ ದನಿ ಬಂತು. "ಪಾರವ್ವಾ, ನಿನ್ನ ಧೂಪ ಬಂತು ನೋಡು!"

ಎಷ್ಟು ಶುಕ್ರವಾರ ಕೇಳಿದ ಮಾತು! ಆದರೆ ಅವತ್ತು ಪಾರವ್ವನ ಕೈ ಹಾಗೇ ನಿಂತಿತು. ಧೂಪ ಈಗ ಹಾಕಿದ್ದು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹತ್ತನೇ ಮಾಳಿಗೆ ಮುಟ್ಟಿತೇ? ಆಕೆ ಧೂಪಾರತಿಯನ್ನು ದೇವರ ಮುಂದೆ ಇಟ್ಟು ಮೆಟ್ಟಿಲಿಗೆ ಬಂದಳು. ಮೊದಲು ಕೆಳಗಿಳಿದು ಆರನೇ ಮಾಳಿಗೆಯಲ್ಲಿ ಮೂಗರಳಿಸಿದಳು. ಏನಿಲ್ಲ. ಮೇಲೆ ಹತ್ತಿದಳು. ಎಂಟರಲ್ಲಿ ವಾಸನೆ ತೆಳ್ಳಗಿತ್ತು. ಒಂಬತ್ತರಲ್ಲಿ ದಟ್ಟವಾಯಿತು. ಹತ್ತಕ್ಕೆ ಬಂದರೆ ಅಲ್ಲೇ ಯಾರೋ ಧೂಪ ಹಾಕಿದಂತೆ ಘಮಘಮ. ದೀಪದ ಬೆಳಕಿನಲ್ಲಿ ಹೊಗೆ ಕಣ್ಣಿಗೂ ಕಾಣಿಸಿತು. ಎಳೆಯಾಗಿ ಸಾಗಿ, ಮಣೆ ಅಡ್ಡ ಕೊಟ್ಟ ಬಾಗಿಲಿನಿಂದ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತ ರಾಜೀವಿಯ ತಲೆಯ ಮೇಲೆ ಸುತ್ತುತ್ತಿತ್ತು.

"ಎಂತ, ನೀನೇ ಬಂದೆ?" ಎಂದಳು ರಾಜೀವಿ ಖುಷಿಯಾಗಿ.

ಪಾರವ್ವ ಹೊಗೆಯ ಎಳೆಯನ್ನೇ ನೋಡುತ್ತ ನಿಂತಳು. ಲೋಬಾನಕ್ಕೆ ದಾರಿ ಗೊತ್ತು ಅಂದ ಮೇಲೆ ಬೇರೆ ಹೊಗೆಗೂ ಗೊತ್ತು. ಇಷ್ಟು ದಿನ ತಾನು ದಿನಾ ಸಂಜೆ ಕುಂಕುಮ ಹಚ್ಚಿ ತೆರೆದಿಟ್ಟ ದಾರಿ, ಮೆಟ್ಟಿಲಿಳಿಯಲಾರದ ಈ ಗೆಳತಿಯ ಕುರ್ಚಿಗೇ ನೆಟ್ಟಗೆ ಬಂದು ಮುಟ್ಟುತ್ತಿತ್ತು. ಕೂಡಲೇ ಇಳಿದು ಬಂದವಳು ಗುಂಡುಕಲ್ಲನ್ನು ಎತ್ತಿ ಒಳಗೆ ತಂದಳು. ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಇನ್ನೊಂದು ಹಿಡಿ ಲೋಬಾನ ಸುರಿದಳು. ಸ್ನೇಹಲ್ ಕೆಮ್ಮುತ್ತ, "ಅತ್ತಿ, ಏನ್ ನಡಸೀರಿ?" ಎಂದು ಕೂಗುತ್ತಿದ್ದರೂ ಬಿಡದೆ, ಮನೆ ಬಾಗಿಲ ಮುಂದೆಲ್ಲ ಹೊಗೆ ತುಂಬಿದ ಮೇಲೆ ಯಶ್ಮಿತಾಳಿಗೆ ಫೋನು ಹಚ್ಚಿಸಿದಳು.

"ಮೆಟ್ಟಲಕ ಬಂದು ಮೂಸಿ ನೋಡವಾ. ಹಳೇ ವಾಸನಿ ಎಲ್ಲಾ ಹೋದ ಮ್ಯಾಲೆ, ಹೊಸಾದು ಬರ್ತದೇನು?"

ಯಶ್ಮಿತಾ ಕಾದು ನೋಡಿದಳು. "ಇಲ್ಲ ಅಜ್ಜಿ, ಎಂತ ಇಲ್ಲ. ಯಾಕೆ?"

ಪಾರವ್ವ ಅವತ್ತು ಯಾರ 'ಯಾಕೆ'ಗೂ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಮರುದಿನದಿಂದ ಕಲ್ಲು ಅಡುಗೆಮನೆಯ ಮೂಲೆ ಸೇರಿತು. ಮೇಲೆ ರಾಜೀವಿ ಸಂಜೆ ಕುರ್ಚಿ ಹಾಕಿ ಕೂಗಿದಳು, ದನಿ ಬಾಗಿಲಿಗೆ ಬಡಿದು ಅಲ್ಲೇ ಬಿತ್ತು. ಪಾರವ್ವನೇ ಲಿಫ್ಟು ಹತ್ತಿ ಹೋದರೆ ರಾಜೀವಿ ಮುಖ ಊದಿಸಿಕೊಂಡು ಗೋಡೆ ನೋಡುತ್ತಿದ್ದಳು.

"ಸೊಸೈಟಿಯವರು ಹೇಳಿದ್ರು ಅಂತ ನಿನಗೆ ನಾನು ಬೇಡ ಆದೆನಾ? ಇಡೀ ದಿನ ಒಬ್ಬಳೇ ಕೂತು ಸಂಜೆಗೆ ಕಾಯುದು ನಾನು. ಅದನ್ನೂ ಬಂದ್ ಮಾಡಿದೆ."

"ಸೊಸೈಟಿ ಸುಡಗಾಡಿಗೆ ಹೋಗಲಿ. ರಾಜೀವಕ್ಕಾ, ಒಂದ ಕೇಳ್ತೀನಿ. ಖರೇ ಖರೇ ಬೆಂಕಿ ಬಿತ್ತಂದ್ರ ನೀ ಹೆಂಗ ಇಳೀತಿ?"

ರಾಜೀವಿ ಗೋಡೆಯಿಂದ ಮುಖ ತಿರುಗಿಸಿದಳು. ಆಮೇಲೆ, ಹಾಲು ಬೇಡ ಎಂದಷ್ಟೇ ಸಲೀಸಾಗಿ ಹೇಳಿದಳು. "ನಾನು ಇಳಿಯುದಿಲ್ಲ. ನೀವೆಲ್ಲ ಹೋಗಿ. ನಾನು ಇಲ್ಲೇ ಇರ್ತೇನೆ. ಅದನ್ನು ನಾನು ಯಾವಾಗ್ಲೋ ಯೋಚನೆ ಮಾಡಿ ಆಗಿದೆ."

ಪಾರವ್ವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಣ್ಣಲ್ಲಿ ನೀರೂ ಬಂತು. "ಯೋಚನಿ ಮಾಡ್ಯಾಳಂತ, ದೊಡ್ಡಾಕಿ! ನಂಗೊಂದು ಮಾತು ಕೇಳಿದೇನು? ಮೂವತ್ತು ವರ್ಷ ನಿನ್ನ ತಲಿ ತಿಂದೀನಿ, ಇನ್ನೂ ಕೇಳೂದು ಭಾಳ ಉಳದದ. ನೀ ಹಂಗೆಲ್ಲಾ ಕುಂತಲ್ಲೇ ಹೋಗಾಕ ನಾ ಬಿಡೂದಿಲ್ಲ. ಏಳು ಮ್ಯಾಲೆ."

"ಎಲ್ಲಿಗೆ?"

"ಎಂಟಕ್ಕ."

ಮೊದಲ ದಿನ ಲಿಫ್ಟಿನಲ್ಲೇ ಹೋದರು. ನೀರಜಾಳ ಪತ್ರಕ್ಕೆ ಹೆದರಿ ಸೊಸೈಟಿಯವರು ಸೋಫಾ ಸೈಕಲ್ಲು ತೆಗೆಸಿದ್ದರು. ಬಯಲು ಕಡೆಯಿಂದ ಗಾಳಿ ಬೀಸುತ್ತಿತ್ತು, ದೂರದಲ್ಲಿ ಗುಡ್ಡದ ಮೇಲೆ ಸಂಜೆಗೆಂಪು. ಇಬ್ಬರೂ ಬರಿನೆಲದ ಮೇಲೆ ಗೋಡೆಗೆ ಒರಗಿ ಕೂತರು. ಒಂದು ಚಾಪೆಯೂ ಇಡಬಾರದಲ್ಲ! ಏಳುವಾಗ ಕೊತ್ತಂಬರಿಯ ಕಡ್ಡಿಯನ್ನೂ ಪಾರವ್ವ ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು. ಮನೆಗೆ ಹೋಗುವ ಹೊತ್ತಿಗೆ ರಾಜೀವಿಯ ಮುಖ ಇಳಿದಿತ್ತು, ಅಂದರೆ ಊದಿದ್ದು ಇಳಿದಿತ್ತು.

ದಿನಾ ಸಂಜೆ ಅಲ್ಲೇ ಸೇರುವುದು ರೂಢಿಯಾದ ಮೇಲೆ ಪಾರವ್ವ ಮೆಲ್ಲನೆ ಹಟ ತೆಗೆದಳು. ಬರುವಾಗ ಲಿಫ್ಟು ಬೇಡ, ಮೆಟ್ಟಿಲು. ಹೋಗುವಾಗ ಬೇಕಾದರೆ ಲಿಫ್ಟು. ರಾಜೀವಿ ಅತ್ತಳು, ಬೈದಳು, ತುಳುವಿನಲ್ಲೂ ಬೈದಳು. ಮೊದಲ ಮೆಟ್ಟಿಲಿಗೆ ಕಾಲಿಟ್ಟ ದಿನ ಕಟಾಂಜನವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, ಅಷ್ಟಕ್ಕೇ ವಾಪಸು ಹೋದಳು. ಪಾರವ್ವ ಒಂದು ಮೆಟ್ಟಿಲು ಕೆಳಗೆ ನಿಂತು, "ಬಿದ್ರ ನನ್ನ ಮ್ಯಾಲೇ ಬೀಳ್ತಿ. ನಾ ಮೆತ್ತಗ ಅದೀನಿ" ಎನ್ನುವಳು. ಡಾಕ್ಟರು ಕಲಿಸಿಕೊಟ್ಟಂತೆ ನೋವಿನ ಕಾಲು ಮೊದಲು ಕೆಳಗೆ, ಆಮೇಲೆ ಗಟ್ಟಿ ಕಾಲು. ಅದು ಹಾಗೇ ಯಾಕೆ, ಗಟ್ಟಿ ಕಾಲೇ ಮೊದಲು ಯಾಕಲ್ಲ ಎಂದು ಡಾಕ್ಟರನ್ನು ಕೇಳಿ ಬಂದವಳು ಯಾರೆಂದು ಹೇಳಬೇಕಿಲ್ಲ. ಯಶ್ಮಿತಾ ವಾಕರ್ ಹಿಡಿದು ಹಿಂದೆ ಬರುವಳು. ದಿನಕ್ಕಿಷ್ಟಿಷ್ಟು ಎಂದು ಇಳಿಯುತ್ತ, ಗಣಪತಿ ಹಬ್ಬ ಬರುವ ಹೊತ್ತಿಗೆ ರಾಜೀವಿ ಹತ್ತರಿಂದ ಎಂಟಕ್ಕೆ ಪೂರ್ತಿ ಇಳಿದು ಬಂದಳು. ಆದರೆ ಒಬ್ಬಳೇ ಅಲ್ಲ. ಮುಂದೆ ಪಾರವ್ವನ ಬೆನ್ನು ಕಾಣದಿದ್ದರೆ ಕಾಲೇ ಎತ್ತುತ್ತಿರಲಿಲ್ಲ.

"ನಾ ಇಲ್ಲದಾಗ ಏನ್ ಮಾಡ್ತಿ?" ಎಂದು ಪಾರವ್ವ ಕೇಳಿದ್ದಕ್ಕೆ, "ನೀನು ಇರ್ತಿಯಲ್ಲ" ಎಂದಳು.

ದಸರೆ ಮುಗಿದ ಮೇಲೆ ಒಂದು ದಿನ, ಬೆಳಗಿನ ಹೊತ್ತು. ಮಾಂತು, ಸ್ನೇಹಲ್ ಕೆಲಸಕ್ಕೆ ಹೋಗಿದ್ದರು. ಯಶ್ಮಿತಾ ಕಾಲೇಜಿಗೆ, ಅವಳ ಅಪ್ಪ ಅಮ್ಮ ಹೋಟೆಲಿಗೆ. ಪಾರವ್ವ ರೊಟ್ಟಿ ಬಡಿಯುತ್ತಿದ್ದಳು. ಏನೋ ಸುಟ್ಟ ವಾಸನೆ ಬಂತು. ರೊಟ್ಟಿ ಹೊತ್ತಿತೇ ಎಂದು ಹಂಚು ನೋಡಿದಳು. ರೊಟ್ಟಿ ಸರಿಯಾಗಿಯೇ ಇತ್ತು. ಆ ಹೊತ್ತಿಗೆ ಕಟ್ಟಡದ ತುಂಬ ಗಂಟೆ ಕಿರುಚತೊಡಗಿತು.

ಒಲೆ ಆರಿಸಿ ಬಾಗಿಲು ತೆರೆದರೆ ಎದುರಿಗೆ ಕಪ್ಪು ಹೊಗೆ. ಲಿಫ್ಟಿನ ಪಕ್ಕದ ತಂತಿಯ ಕಪಾಟು ಹೊತ್ತಿ ಉರಿಯುತ್ತಿತ್ತು. ನೀರಜಾ ಖಾಲಿ ಮಾಡಿಸಿದ್ದ ಆ ಕಪಾಟಿಗೆ ಮತ್ತೆ ಯಾರೋ ರಟ್ಟಿನ ಡಬ್ಬಿ ತುಂಬಿದ್ದರು, ನಮ್ಮ ಮಂದಿ ಕೇಳುತ್ತಾರೆಯೇ? ಎದುರು ಮನೆಯವರು ಆಗಲೇ ಕೆಳಗೆ ಓಡಿದ್ದರು. ಪಾರವ್ವ ಒದ್ದೆ ಸೆರಗನ್ನು ಮೂಗಿಗೆ ಒತ್ತಿ, ಗೋಡೆ ಸವರುತ್ತ ಮೆಟ್ಟಿಲ ಬಾಗಿಲಿಗೆ ಬಂದಳು. ಹಿಡಿಕೆ ಸಿಕ್ಕಿತು. ಬಾಗಿಲನ್ನು ಭುಜದಿಂದ ತಡೆದು ಹಿಡಿದು ಮೇಲಕ್ಕೆ 'ರಾಜೀವಕ್ಕಾ' ಎಂದು ಕೂಗಬೇಕು ಎಂದು ಗಂಟಲಿಗೆ ಬಂದೇಬಿಟ್ಟಿತ್ತು. ಮೂವತ್ತು ವರ್ಷದ ಚಾಳಿ. ಆಕೆ ಬಾಯಿ ಕಚ್ಚಿಕೊಂಡಳು. ಮೈ ತೂರುವಷ್ಟೇ ತೆರೆದು ಆಚೆ ನುಸುಳಿದಳು. ಹಿಂದೆ ಬಾಗಿಲು ಧಡ್ ಎಂದಿತು. ಆ ಸದ್ದು ಕೇಳಿ ಪಾರವ್ವನಿಗೆ ಮೊದಲ ಸಲ ಸಮಾಧಾನವಾಯಿತು.

ಕೆಳಗಿಳಿಯಬೇಕಿತ್ತು. ನೀರಜಾಳನ್ನು ಕೇಳಿದ್ದರೆ ಹಾಗೇ ಹೇಳುತ್ತಿದ್ದಳು. ಪಾರವ್ವ ಮೇಲೆ ಹತ್ತಿದಳು. ಮೇಲಿನವರು ಕೆಲವರು ಮಕ್ಕಳನ್ನೆತ್ತಿಕೊಂಡು ಇಳಿದು ಬರುತ್ತಿದ್ದರು, ಅವರನ್ನು ಸರಿಸಿಕೊಂಡು, ಏದುಸಿರು ಬಿಡುತ್ತ ಎಂಟು ದಾಟಿ, ಒಂಬತ್ತು ದಾಟಿ ಹತ್ತಕ್ಕೆ ಬಂದಳು.

ಮೆಟ್ಟಿಲ ತಲೆಯಲ್ಲಿ ವಾಕರ್ ಒಂದೇ ನಿಂತಿತ್ತು.

ರಾಜೀವಿ ಇರಲಿಲ್ಲ. ಮನೆ ಬಾಗಿಲು ಎಳೆದುಕೊಂಡಿತ್ತು. ಪಾರವ್ವ ಬಾಗಿಲು ಬಡಿದಳು, ಕೂಗಿದಳು, ಮೆಟ್ಟಿಲ ಸಂದಿನಿಂದ ಕೆಳಗೆ ಬಗ್ಗಿ ನೋಡಿದಳು. ಬಿದ್ದಿದ್ದಾಳೆಯೇ? ಇಳಿಯುವ ಜನರ ನೂಕುನುಗ್ಗಲಿನಲ್ಲಿ ಏನಾಯಿತು? ಇದನ್ನೆಲ್ಲ ಹಟ ಹಿಡಿದು ಕಲಿಸಿದವಳು ತಾನೇ ಅಲ್ಲವೇ? "ದೇವರೇ, ನಾ ಯಾಕ ಕಲಿಸಿದೆ" ಎನ್ನುತ್ತ ಬಂದ ದಾರಿಯಲ್ಲೇ ಇಳಿದಳು. ಎಂಟನೆಯ ಮಾಳಿಗೆಗೆ ಬಂದು ಆ ಖಾಲಿ ಜಾಗದ ಬಾಗಿಲನ್ನು ಎರಡೂ ಕೈಯಿಂದ ನೂಕಿದಳು.

ರಾಜೀವಿ ದಿನಾ ಕೂರುವ ಜಾಗದಲ್ಲೇ, ಬರಿನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ಸೀರೆಯ ಅಂಚು ಸೊಂಟಕ್ಕೆ ಸಿಕ್ಕಿಸಿತ್ತು, ಹಣೆಯ ಮೇಲೆ ಬೆವರು. ಪಾರವ್ವನ ಮಸಿ ಹತ್ತಿದ ಮುಖವನ್ನು ಕಂಡು ಹುಬ್ಬೇರಿಸಿದಳು.

"ಎಂತ ಮಾರಾಯ್ತಿ, ಹೀಗೆ ಓಡಿಕೊಂಡು ಬರುದು? ಗಂಟೆ ಹೊಡೀತು, ನಾನು ಇಳಿದು ಬಂದೆ. ನೋವಿನ ಕಾಲು ಮೊದಲು, ನೀನು ಹೇಳಿದ ಹಾಗೆ. ಒಬ್ಬಳೇ!"

ಪಾರವ್ವ ಅವಳ ಪಕ್ಕ ಕುಸಿದು ಕೂತಳು. ಕೆಳಗೆ ರಸ್ತೆಯಲ್ಲಿ ಅಗ್ನಿಶಾಮಕದ ಗಾಡಿ ಬಂದ ಸದ್ದು ಕೇಳಿಸಿತು.

"ಅಲ್ಲ, ನಿಜವಾಗ್ಲೂ ಬೆಂಕಿ ಉಂಟಾ?" ಎಂದಳು ರಾಜೀವಿ. "ಅಲ್ಲ ಆ ಧಾರವಾಡದ ಹುಡುಗಿಯ ಪರೀಕ್ಷೆಯಾ? ನನಗೆ ಒಂದು ಚೂರು ಹೊಗೆ ವಾಸನೆಯೂ ಬರಲಿಲ್ಲ ನೋಡು."

"ಬರಲಿಲ್ಲೇನು?"

"ಇಲ್ಲ."

ಪಾರವ್ವ ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಸಿಯ ಮೇಲೆ ಕಣ್ಣೀರು ಇಳಿಯುತ್ತಿತ್ತು. "ಇನ್ನೊಮ್ಮಿ ಹೇಳು" ಎಂದಳು.

"ಎಂತ ಹೇಳುದು? ಬರಲಿಲ್ಲ ಅಂದೆನಲ್ಲ" ಎಂದು ರಾಜೀವಿ ಸಿಡುಕಿದಳು, ಆಮೇಲೆ ತನ್ನ ಸೆರಗಿನಿಂದ ಪಾರವ್ವನ ಮುಖ ಒರೆಸತೊಡಗಿದಳು.